ಅನುಮತಿ ಬೇಡದ ಓದು: ಕೃತಿಸ್ವಾಮ್ಯ, ಮಾನವ ಹಕ್ಕು ಮತ್ತು ಮರಾಕೆಶ್ ಒಪ್ಪಂದ



1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 27ನೆಯ ವಿಧಿಯಲ್ಲಿ ಎರಡು ಭಾಗಗಳಿವೆ. ಸಮುದಾಯದ ಸಾಂಸ್ಕೃತಿಕ ಬದುಕಿನಲ್ಲಿ ಪಾಲ್ಗೊಳ್ಳುವ, ಕಲೆಯನ್ನು ಸವಿಯುವ, ವಿಜ್ಞಾನದ ಮುನ್ನಡೆಯ ಫಲವನ್ನು ಹಂಚಿಕೊಳ್ಳುವ ಹಕ್ಕು ಎಲ್ಲರದೂ ಎಂಬುದು ಮೊದಲನೆಯದು. ತಾನು ರಚಿಸಿದ ಕೃತಿಯಿಂದ ಹುಟ್ಟುವ ನೈತಿಕ ಮತ್ತು ಆರ್ಥಿಕ ಹಿತಗಳಿಗೆ ರಕ್ಷಣೆ ಪಡೆಯುವ ಹಕ್ಕು ಕರ್ತೃವಿನದು ಎಂಬುದು ಎರಡನೆಯದು. ಓದುವವರನ್ನೂ ಬರೆಯುವವರನ್ನೂ ಒಂದೇ ವಿಧಿಯಲ್ಲಿ ಕೂರಿಸಿದ ಈ ಜೋಡಣೆಯನ್ನು 1966ರ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯೂ ತನ್ನ 15ನೆಯ ವಿಧಿಯಲ್ಲಿ ಉಳಿಸಿಕೊಂಡಿತು. ಆದರೆ ಅದಾದ ಮೇಲೆ ಬಹುಕಾಲ ಕಾನೂನಿನ ಈ ಎರಡು ಶಾಖೆಗಳು ಒಂದನ್ನೊಂದು ಮಾತಾಡಿಸಲಿಲ್ಲ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ, ವಿಶ್ವ ವ್ಯಾಪಾರ ಸಂಸ್ಥೆ, ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಮೂರೂ ಇರುವುದು ಜಿನೀವಾದಲ್ಲೇ. ಊರು ಒಂದೇ ಆದರೂ ಅಲ್ಲಿ ಕೂತವರ ಕಡತಗಳು ಮಾತ್ರ ಬೇರೆ ಬೇರೆಯಾಗಿ ಬೆಳೆದವು. 2000ನೆಯ ಇಸವಿಯಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಉಪ ಆಯೋಗವು, ಬೌದ್ಧಿಕ ಆಸ್ತಿಯನ್ನು ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ ಜಾರಿಗೂ ಮಾನವ ಹಕ್ಕುಗಳಿಗೂ ನಡುವೆ ತಿಕ್ಕಾಟವಿದೆ ಎಂದು ನಿರ್ಣಯದ ಮೂಲಕ ಹೇಳಿದ ಮೇಲೆ ಈ ಮೌನ ಮುರಿಯಿತು. ಅಂದಿನಿಂದ ಲಾರೆನ್ಸ್ ಹೆಲ್ಫರ್, ಪೀಟರ್ ಯು, ಆಡ್ರಿ ಚಾಪ್‌ಮನ್, ರೂತ್ ಒಕೆಡಿಜಿ ಮೊದಲಾದ ವಿದ್ವಾಂಸರು ಬರೆದದ್ದೇ ಒಂದು ಗ್ರಂಥಭಂಡಾರದಷ್ಟಾಗಿದೆ.

ಆ ಚರ್ಚೆಯನ್ನೆಲ್ಲ ಇಲ್ಲಿ ಹರಡುವ ಉದ್ದೇಶ ನನಗಿಲ್ಲ. 2013ರ ಜೂನ್ 27ರಂದು ಮೊರೊಕ್ಕೊ ದೇಶದ ಮರಾಕೆಶ್ ನಗರದಲ್ಲಿ ಅಂಗೀಕಾರವಾದ ಒಂದು ಒಪ್ಪಂದವನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಕಣ್ಣಿನ ದೋಷದಿಂದಲೋ ಇತರ ಕಾರಣದಿಂದಲೋ ಅಚ್ಚಾದ ಪುಸ್ತಕವನ್ನು ಓದಲಾಗದವರಿಗೆ ಬ್ರೈಲ್, ಧ್ವನಿ, ದೊಡ್ಡಕ್ಷರ, ಡಿಜಿಟಲ್ ಪಠ್ಯ ಮುಂತಾದ ರೂಪಗಳಲ್ಲಿ ಪ್ರತಿ ಮಾಡಿಕೊಡಲು ಕೃತಿಸ್ವಾಮ್ಯ ಅಡ್ಡಬರಬಾರದು ಎನ್ನುವ ಒಪ್ಪಂದವಿದು. ಇದನ್ನು ಕನಿಕರದ ಕಾನೂನು ಎಂದು ಓದುವವರಿದ್ದಾರೆ. ಅಂತರರಾಷ್ಟ್ರೀಯ ಬೌದ್ಧಿಕ ಆಸ್ತಿ ಕಾನೂನು ತನ್ನ ಬಳಕೆದಾರನನ್ನು ಮೊದಲ ಸಲ ಅರ್ಜಿದಾರನೆಂದು ಕಾಣದೆ ಹಕ್ಕುದಾರನೆಂದು ಕಂಡದ್ದು ಇಲ್ಲಿ ಎಂಬುದು ನನ್ನ ವಾದ. ಒಂದು ವಿನಾಯಿತಿ ಮಾನವ ಹಕ್ಕಿನ ಮಟ್ಟಕ್ಕೆ ಏರಿದೆಯೇ ಇಲ್ಲವೇ ಎಂಬುದನ್ನು ಅದರ ಪೀಠಿಕೆಯ ಮಾತುಗಳಿಂದ ಅಳೆದರೆ ಸಾಲದು. ಅದನ್ನು ಬಳಸುವವರು ಯಾರ ಬಾಗಿಲು ತಟ್ಟಬೇಕಾಗಿದೆ ಎಂಬುದರಿಂದ ಅಳೆಯಬೇಕು.

ಇದಕ್ಕೆ ಹಿನ್ನೆಲೆಯಾಗಿ, ವಿನಾಯಿತಿಗಳನ್ನು ಹಿಂದೆ ಹೇಗೆ ಬರೆಯುತ್ತಿದ್ದರು ಎಂಬುದನ್ನು ನೋಡೋಣ. 1886ರ ಬರ್ನ್ ಒಪ್ಪಂದ ಮತ್ತು ಅದರ ಪರಿಷ್ಕರಣೆಗಳು ಕರ್ತೃವಿಗೆ ಕನಿಷ್ಠ ಇಷ್ಟು ಹಕ್ಕು ಕೊಡಲೇಬೇಕು ಎಂದು ದೇಶಗಳನ್ನು ಕಟ್ಟಿಹಾಕುತ್ತ ಬಂದವು. ವಿನಾಯಿತಿಯ ವಿಷಯಕ್ಕೆ ಬಂದಾಗ ಧಾಟಿ ಬೇರೆ. 1967ರ ಸ್ಟಾಕ್‌ಹೋಮ್ ಪರಿಷ್ಕರಣೆಯಲ್ಲಿ ಸೇರಿದ ಮೂರು ಹಂತದ ಪರೀಕ್ಷೆಯ ಪ್ರಕಾರ ವಿನಾಯಿತಿ ವಿಶೇಷ ಸಂದರ್ಭಕ್ಕಷ್ಟೇ ಸೀಮಿತವಾಗಿರಬೇಕು, ಕೃತಿಯ ಸಾಮಾನ್ಯ ಮಾರಾಟಕ್ಕೆ ಧಕ್ಕೆ ತರಬಾರದು, ಕರ್ತೃವಿನ ನ್ಯಾಯಯುತ ಹಿತಕ್ಕೆ ಅಕಾರಣ ಹಾನಿ ಮಾಡಬಾರದು. ಟ್ರಿಪ್ಸ್ ಒಪ್ಪಂದ ಇದನ್ನೇ ತನ್ನ 13ನೆಯ ವಿಧಿಯಲ್ಲಿ ಎತ್ತಿಕೊಂಡಿತು. ಬೌದ್ಧಿಕ ಆಸ್ತಿಯ ಹಕ್ಕುಗಳು ಖಾಸಗಿ ಹಕ್ಕುಗಳು ಎಂದು ಪೀಠಿಕೆಯಲ್ಲೇ ಸಾರಿತು. ಒಟ್ಟಿನಲ್ಲಿ ಒಡೆಯನ ಹಕ್ಕಿಗೆ ಕೆಳಮಿತಿ ಉಂಟು, ಮೇಲ್ಮಿತಿ ಇಲ್ಲ. ಬಳಕೆದಾರನ ವಿನಾಯಿತಿಗೆ ಮೇಲ್ಮಿತಿ ಉಂಟು, ಕೆಳಮಿತಿ ಬಹುತೇಕ ಇಲ್ಲ. ಬಹುತೇಕ ಎಲ್ಲ ವಿನಾಯಿತಿಗಳನ್ನೂ ಯಾವುದೇ ದೇಶ ಕೊಡಬಹುದು, ಕೊಡದೆಯೂ ಇರಬಹುದು. ಕೊಡದಿದ್ದರೆ ಕೇಳುವವರಿಲ್ಲ. ಅತಿಯಾಗಿ ಕೊಟ್ಟರೆ ಮಾತ್ರ ವಿಶ್ವ ವ್ಯಾಪಾರ ಸಂಸ್ಥೆಯ ಕಟಕಟೆ ಕಾದಿದೆ. ಕೆಲವು ಬಗೆಯ ಹೋಟೆಲು ಅಂಗಡಿಗಳು ರೇಡಿಯೊ ಹಾಡು ಕೇಳಿಸಲು ಅಮೆರಿಕ ಕೊಟ್ಟಿದ್ದ ವಿಶಾಲ ವಿನಾಯಿತಿ 2000ರಲ್ಲಿ ಇದೇ ಪರೀಕ್ಷೆಯಲ್ಲಿ ಸೋತಿತು.

ಬಡ ದೇಶಗಳ ಅನುಕೂಲಕ್ಕೆಂದೇ ರೂಪಿಸಿದ ವಿನಾಯಿತಿಗಳೂ ಈ ರೋಗದಿಂದ ಪಾರಾಗಲಿಲ್ಲ. ಹೊಸದಾಗಿ ಸ್ವತಂತ್ರವಾದ ದೇಶಗಳಿಗೆ ಪಠ್ಯಪುಸ್ತಕ ಮತ್ತು ಅನುವಾದ ಸುಲಭವಾಗಿ ಸಿಗಬೇಕೆಂದು 1960ರ ದಶಕದಲ್ಲಿ ಮುಂದೆ ನಿಂತು ವಾದಿಸಿದ ದೇಶಗಳಲ್ಲಿ ಭಾರತವೂ ಒಂದು. ಅದರಿಂದ ಕೊನೆಗೆ ದಕ್ಕಿದ್ದು ಬರ್ನ್ ಒಪ್ಪಂದಕ್ಕೆ ಸೇರಿದ 1971ರ ಪ್ಯಾರಿಸ್ ಅನುಬಂಧ. ಅದರ ದಾರಿಯನ್ನು ಒಮ್ಮೆ ನಡೆದು ನೋಡಿ. ಒಂದು ವಿದೇಶಿ ಕೃತಿಯನ್ನು ಬೋಧನೆಗಾಗಿ ಅನುವಾದಿಸಲು, ಒಡೆಯನ ಒಪ್ಪಿಗೆಯಿಲ್ಲದೆ ಸರಕಾರ ಕೊಡುವ ಕಡ್ಡಾಯ ಲೈಸೆನ್ಸ್ ಬೇಕಿದ್ದರೆ, ಮೊದಲು ಒಡೆಯನ ಅನುಮತಿ ಕೇಳಿ ನಿರಾಕರಣೆ ಪಡೆದಿರಬೇಕು, ಇಲ್ಲವೇ ಎಷ್ಟು ಹುಡುಕಿದರೂ ಆತ ಸಿಗಲಿಲ್ಲವೆಂದು ತೋರಿಸಬೇಕು. ಪುಸ್ತಕ ಹೊರಬಂದು ಮೂರು ವರ್ಷ ಕಳೆದಿರಬೇಕು. ಕನ್ನಡದಂತೆ ಮುಂದುವರಿದ ದೇಶಗಳಲ್ಲಿ ಬಳಕೆಯಲ್ಲಿಲ್ಲದ ಭಾಷೆಗಾದರೆ ಒಂದು ವರ್ಷ ಸಾಕು. ಅದರ ಮೇಲೆ ಮತ್ತೆ ಆರು ಅಥವಾ ಒಂಬತ್ತು ತಿಂಗಳ ಕಾಯುವಿಕೆ. ಆ ಅವಧಿಯಲ್ಲಿ ಒಡೆಯನೇ ಅನುವಾದ ತಂದರೆ ಅರ್ಜಿ ಅಲ್ಲಿಗೆ ಮುಗಿಯಿತು. ಇಷ್ಟೆಲ್ಲ ದಾಟಿ ಅಚ್ಚು ಹಾಕಿದರೂ ಪ್ರತಿಗಳನ್ನು, ಬಿಗಿ ಷರತ್ತಿನ ಕೆಲವು ಸಂದರ್ಭ ಬಿಟ್ಟರೆ, ಹೊರದೇಶಕ್ಕೆ ಕಳಿಸುವಂತಿಲ್ಲ. ಈ ಅನುಬಂಧವನ್ನು ಬಳಸಿಕೊಂಡ ದೇಶಗಳು ತೀರಾ ವಿರಳ ಎಂಬುದರಲ್ಲಿ ವಿದ್ವಾಂಸರಲ್ಲಿ ಭಿನ್ನಮತವಿಲ್ಲ. ಇಂಥ ದಾರಿ ಹಿಡಿಯಬಲ್ಲವನು ವಕೀಲರನ್ನು ಇಟ್ಟುಕೊಂಡ ಪ್ರಕಾಶಕನೇ ಹೊರತು ಕಾಲೇಜಿನ ಮೇಷ್ಟರಲ್ಲ.

ಔಷಧಗಳ ವಿಷಯದಲ್ಲಿ ಇದೇ ಕಥೆ ಇನ್ನೂ ಗಂಭೀರವಾಗಿ ನಡೆಯಿತು. ಪೇಟೆಂಟ್ ಇರುವ ಔಷಧವನ್ನು ಕಡ್ಡಾಯ ಲೈಸೆನ್ಸಿನಡಿ ತಯಾರಿಸಲು ಟ್ರಿಪ್ಸ್ ಅವಕಾಶ ಕೊಟ್ಟಿದ್ದರೂ, ಹಾಗೆ ತಯಾರಿಸಿದ್ದು ಮುಖ್ಯವಾಗಿ ಆ ದೇಶದ ಮಾರುಕಟ್ಟೆಗೇ ಮೀಸಲಾಗಿರಬೇಕು ಎಂದಿತ್ತು. ಸ್ವಂತ ಔಷಧ ಕಾರ್ಖಾನೆ ಇಲ್ಲದ ದೇಶಗಳ ಗತಿ ಏನು ಎಂಬ ಪ್ರಶ್ನೆಯನ್ನು 2001ರ ದೋಹಾ ಘೋಷಣೆ ಎತ್ತಿತು. ಉತ್ತರವಾಗಿ 2003ರ ಆಗಸ್ಟ್ 30ರಂದು ರಫ್ತಿಗೆ ಒಂದು ವ್ಯವಸ್ಥೆ ಬಂತು. ಅದೇ 2017ರಲ್ಲಿ ಟ್ರಿಪ್ಸ್‌ಗೆ ಶಾಶ್ವತ ತಿದ್ದುಪಡಿಯಾಯಿತು. ಆಮದು ಮಾಡುವ ದೇಶ ಎಷ್ಟು ಬೇಕೆಂದು ಮೊದಲೇ ತಿಳಿಸಬೇಕು, ರಫ್ತು ಮಾಡುವ ದೇಶ ಪ್ರತ್ಯೇಕ ಲೈಸೆನ್ಸ್ ಕೊಡಬೇಕು, ಮಾತ್ರೆಯ ಬಣ್ಣ, ಆಕಾರ ಅಥವಾ ಪ್ಯಾಕಿಂಗು ಬೇರೆಯೇ ಇರಬೇಕು, ಸಾಗಣೆಯ ವಿವರ ಜಾಲತಾಣದಲ್ಲಿ ಹಾಕಬೇಕು. ಏಡ್ಸ್ ಔಷಧಕ್ಕಾಗಿ ರುವಾಂಡಾ 2007ರ ಜುಲೈನಲ್ಲಿ ತಿಳಿವಳಿಕೆ ಸಲ್ಲಿಸಿತು. ಕೆನಡಾದ ಅಪೊಟೆಕ್ಸ್ ಕಂಪನಿಯ ಮೊದಲ ಕಂತು ಹೊರಟದ್ದು 2008ರ ಸೆಪ್ಟೆಂಬರಿನಲ್ಲಿ. ವ್ಯವಸ್ಥೆ ಪೂರ್ತಿಯಾಗಿ ಬಳಕೆಯಾದ ಉದಾಹರಣೆಯೆಂದು ಎಲ್ಲರೂ ಬೊಟ್ಟು ಮಾಡುವುದು ಇದೊಂದನ್ನೇ. 2020ರ ಅಕ್ಟೋಬರಿನಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ಕೋವಿಡ್ ಸಂಬಂಧ ಟ್ರಿಪ್ಸ್‌ನಿಂದ ತಾತ್ಕಾಲಿಕ ರಿಯಾಯಿತಿ ಕೇಳಿದಾಗ 2022ರ ಜೂನಿನಲ್ಲಿ ಸಿಕ್ಕಿದ್ದು ಲಸಿಕೆಗಷ್ಟೇ ಸೀಮಿತವಾದ, ಷರತ್ತುಗಳಿಂದ ಸೊರಗಿದ ಒಂದು ತೀರ್ಮಾನ. ಅಷ್ಟು ಹೊತ್ತಿಗೆ ಸಾಂಕ್ರಾಮಿಕದ ಕ್ರೂರ ಅಲೆಗಳು ದಾಟಿಹೋಗಿದ್ದವು.

ಮರಾಕೆಶ್ ಒಪ್ಪಂದವನ್ನು ಈ ಎರಡು ಸೋಲುಗಳ ಪಕ್ಕದಲ್ಲಿಟ್ಟರೆ ಅದರ ಹೊಸತನ ಕಾಣುತ್ತದೆ. ಕಣ್ಣು ಕಾಣದವರಿಗೆ ಕೃತಿಸ್ವಾಮ್ಯ ತೊಡಕಾಗಿದೆ ಎಂಬ ವರದಿ 1980ರ ದಶಕದಲ್ಲೇ ಜಿನೀವಾದಲ್ಲಿತ್ತು. ಪ್ರಕಟವಾಗುವ ಪುಸ್ತಕಗಳಲ್ಲಿ ಓದಬಲ್ಲ ರೂಪದಲ್ಲಿ ತಮಗೆ ದಕ್ಕುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ ಎಂದು ವಿಶ್ವ ಅಂಧರ ಒಕ್ಕೂಟ ಹೇಳುತ್ತಲೇ ಇತ್ತು. ಸ್ಪೇನಿನಲ್ಲಿ ಸಾವಿರಾರು ಪುಸ್ತಕ ಬ್ರೈಲಿಗೆ ಬಂದಿದ್ದರೂ ಅದೇ ಭಾಷೆಯಾಡುವ ಲ್ಯಾಟಿನ್ ಅಮೆರಿಕಕ್ಕೆ ಅವು ಕಾನೂನುಬದ್ಧವಾಗಿ ದಾಟುವಂತಿರಲಿಲ್ಲ. ಪ್ರತಿಯೊಂದು ದೇಶವೂ ಅದೇ ಪುಸ್ತಕವನ್ನು ಹೊಸದಾಗಿ ಮೊದಲಿನಿಂದ ತಯಾರಿಸಬೇಕಿತ್ತು. ಒಕ್ಕೂಟದ ಕರಡನ್ನು 2009ರಲ್ಲಿ ಬ್ರೆಜಿಲ್, ಈಕ್ವೆಡಾರ್ ಮತ್ತು ಪರಾಗ್ವೆ ಮಂಡಿಸಿದವು. ನಾಲ್ಕು ವರ್ಷದ ಹಗ್ಗಜಗ್ಗಾಟದ ನಂತರ ಬಂದ ಒಪ್ಪಂದದ 4ನೆಯ ವಿಧಿ, ಸದಸ್ಯ ದೇಶಗಳು ಇಂಥ ವಿನಾಯಿತಿಯನ್ನು ತಮ್ಮ ಕಾನೂನಿನಲ್ಲಿ ಕೊಡತಕ್ಕದ್ದು ಎನ್ನುತ್ತದೆ. ಕೊಡಬಹುದು ಎನ್ನುವುದಿಲ್ಲ. 5 ಮತ್ತು 6ನೆಯ ವಿಧಿಗಳು ಹಾಗೆ ತಯಾರಾದ ಪ್ರತಿ ಗಡಿ ದಾಟಲು ಬಾಗಿಲು ತೆರೆಯುತ್ತವೆ. ಓದುಗರಿಗಾಗಿ ದುಡಿಯುವ ಸಂಸ್ಥೆಯೊಂದು ಇನ್ನೊಂದು ದೇಶದ ಸಂಸ್ಥೆಗೋ ನೇರವಾಗಿ ಓದುಗರಿಗೋ ಕಡತವನ್ನು ಕಳಿಸಬಹುದು. ಒಡೆಯನ ಒಪ್ಪಿಗೆ ಬೇಡ, ಮುಂಗಡ ತಿಳಿವಳಿಕೆ ಬೇಡ, ಸರಕಾರದಿಂದ ಲೈಸೆನ್ಸ್ ಬೇಡ. ಪ್ಯಾರಿಸ್ ಅನುಬಂಧದ ಗಡುವುಗಳನ್ನೂ ಔಷಧದ ರಫ್ತಿನ ನಮೂನೆಗಳನ್ನೂ ನೆನೆದರೆ ಇದು ಎಂಥ ಜಿಗಿತ ಎಂಬುದು ತಿಳಿಯುತ್ತದೆ. 2014ರ ಜೂನ್ 24ರಂದು ಭಾರತ ಎಲ್ಲರಿಗಿಂತ ಮೊದಲು ಇದನ್ನು ಅನುಮೋದಿಸಿತು. ಇಪ್ಪತ್ತು ಅನುಮೋದನೆಗಳು ಕೂಡಿ 2016ರ ಸೆಪ್ಟೆಂಬರ್ 30ರಿಂದ ಜಾರಿಗೆ ಬಂದ ಒಪ್ಪಂದ ಇಂದು ನೂರಕ್ಕೂ ಹೆಚ್ಚು ದೇಶಗಳನ್ನು ಒಳಗೊಂಡಿದೆ.

ಆದರೆ ಒಪ್ಪಂದದ ಒಳಗೇ ಹಳೆಯ ಕಾನೂನಿನ ಬೇರುಗಳೂ ಇವೆ, ಅವನ್ನು ಮುಚ್ಚಿಡಬೇಕಾಗಿಲ್ಲ. ಮೂರು ಹಂತದ ಪರೀಕ್ಷೆಯನ್ನು 11ನೆಯ ವಿಧಿ ಮತ್ತೆ ಎಳೆದುತಂದಿದೆ. ಆ ರೂಪದ ಪ್ರತಿ ಮಾರುಕಟ್ಟೆಯಲ್ಲಿ ಸಿಗುವಂತಿದ್ದರೆ ವಿನಾಯಿತಿಯನ್ನು ತಡೆಯಬಹುದು, ಕರ್ತೃವಿಗೆ ಸಂಭಾವನೆ ಕೊಡಿಸಬಹುದು ಎಂಬ ಐಚ್ಛಿಕ ಷರತ್ತುಗಳಿವೆ. ಕೆನಡಾದ ಕಾನೂನು ಮೊದಲನೆಯದನ್ನು ಇಟ್ಟುಕೊಂಡಿತು, ಜರ್ಮನಿ ಎರಡನೆಯದನ್ನು. ಹಾಗಾದರೆ ಒಪ್ಪಂದವನ್ನು ಓದುವ ಕೀಲಿ ಯಾವುದು? ಹೆಲ್ಫರ್, ಮಾಲಿ ಲ್ಯಾಂಡ್, ಒಕೆಡಿಜಿ ಮತ್ತು ಜೆರೋಮ್ ರೈಕ್‌ಮನ್ ಸೇರಿ ವಿಶ್ವ ಅಂಧರ ಒಕ್ಕೂಟಕ್ಕಾಗಿ 2017ರಲ್ಲಿ ತಂದ ಕೈಪಿಡಿ ಇದಕ್ಕೆ ಕೊಡುವ ಉತ್ತರವನ್ನು ನಾನು ಒಪ್ಪುತ್ತೇನೆ. ಬಳಸಿದ ಸಾಧನ ಕೃತಿಸ್ವಾಮ್ಯದ್ದು, ಸಾಧಿಸಬೇಕಾದ ಗುರಿ ಮಾನವ ಹಕ್ಕಿನದು. ಎರಡರಲ್ಲಿ ಗೊಂದಲ ಬಂದಾಗ ಗುರಿಯೇ ದಾರಿ ತೋರಬೇಕು. ಇದು ಆಶಯದ ಮಾತಷ್ಟೇ ಅಲ್ಲ, ವ್ಯಾಖ್ಯಾನದ ನಿಯಮವೂ ಹೌದು. ಒಪ್ಪಂದಗಳ ಕಾನೂನನ್ನು ಕುರಿತ 1969ರ ವಿಯೆನ್ನಾ ಒಪ್ಪಂದದ 31ನೆಯ ವಿಧಿಯ ಪ್ರಕಾರ ಪೀಠಿಕೆ ಸಂದರ್ಭದ ಭಾಗ. ಪಕ್ಷಗಳಿಗೆ ಅನ್ವಯಿಸುವ ಇತರ ಅಂತರರಾಷ್ಟ್ರೀಯ ನಿಯಮಗಳನ್ನೂ ಗಮನಿಸಬೇಕು. ಮರಾಕೆಶ್ ಪೀಠಿಕೆ ಸಾರ್ವತ್ರಿಕ ಘೋಷಣೆಯನ್ನೂ 2006ರ ಅಂಗವಿಕಲರ ಹಕ್ಕುಗಳ ಒಪ್ಪಂದವನ್ನೂ ಹೆಸರಿಸಿ ನೆನೆಯುತ್ತದೆ. ಆ ಎರಡನೆಯ ಒಪ್ಪಂದದ 30ನೆಯ ವಿಧಿಯಂತೂ, ಬೌದ್ಧಿಕ ಆಸ್ತಿಯ ಕಾನೂನು ಅಂಗವಿಕಲರ ಸಾಂಸ್ಕೃತಿಕ ಬದುಕಿಗೆ ಅಕಾರಣವಾದ ಅಥವಾ ತಾರತಮ್ಯದ ತಡೆಗೋಡೆಯಾಗದಂತೆ ನೋಡಿಕೊಳ್ಳುವ ಹೊಣೆಯನ್ನು ನೇರವಾಗಿ ಸರಕಾರಗಳ ಮೇಲೆ ಹೊರಿಸಿದೆ.

ಈ ಓದು ನ್ಯಾಯಾಲಯದಲ್ಲಿ ನಿಲ್ಲುತ್ತದೆಯೇ? ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2022ರ ಸೆಪ್ಟೆಂಬರಿನಲ್ಲಿ ಬ್ಲೈಂಡ್ ಎಸ್‌ಎ ಎಂಬ ಸಂಘಟನೆಯ ಮೊಕದ್ದಮೆಯಲ್ಲಿ ಇತ್ತ ತೀರ್ಪು ನನಗೆ ಬಹುಮುಖ್ಯವಾಗಿ ಕಾಣುವುದು ಇದಕ್ಕಾಗಿ. ಆ ದೇಶ ಆಗ ಮರಾಕೆಶ್ ಒಪ್ಪಂದಕ್ಕೆ ಸೇರಿರಲಿಲ್ಲ. ವರ್ಣಭೇದದ ಕಾಲದ 1978ರ ಕೃತಿಸ್ವಾಮ್ಯ ಕಾಯ್ದೆಯಡಿ ಬ್ರೈಲ್ ಪ್ರತಿಗೂ ಒಡೆಯನ ಒಪ್ಪಿಗೆ ಬೇಕಿತ್ತು. ಕಣ್ಣಿರುವವನು ಪುಸ್ತಕ ಕೊಂಡ ಕೂಡಲೇ ಓದುತ್ತಾನೆ. ಕಣ್ಣಿಲ್ಲದವನು ಕೊಂಡ ಮೇಲೂ ಇನ್ನೊಬ್ಬರ ಮರ್ಜಿಗೆ ಕಾಯಬೇಕು. ಸಮಾನತೆ, ಘನತೆ, ಶಿಕ್ಷಣ, ಸಾಂಸ್ಕೃತಿಕ ಬದುಕು ಇವುಗಳಿಗೆ ಇದು ವಿರುದ್ಧವೆಂದು ಕಂಡ ನ್ಯಾಯಾಲಯ ಕಾಯ್ದೆ ಆ ಮಟ್ಟಿಗೆ ಸಂವಿಧಾನಬಾಹಿರವೆಂದಿತು. ಸಂಸತ್ತು 24 ತಿಂಗಳಲ್ಲಿ ಸರಿಪಡಿಸಲೆಂದು ಬಿಟ್ಟು, ಅಲ್ಲಿಯವರೆಗೆ ವಿನಾಯಿತಿಯ ಸೆಕ್ಷನ್ನೊಂದನ್ನು ತಾನೇ ಕಾಯ್ದೆಯೊಳಗೆ ಸೇರಿಸಿತು. ಒಪ್ಪಂದಕ್ಕೆ ಸೇರದಿದ್ದರೂ ಹೊಣೆ ತಪ್ಪಲಿಲ್ಲ, ಏಕೆಂದರೆ ಹೊಣೆಯ ಮೂಲ ಒಪ್ಪಂದದಲ್ಲಿರಲಿಲ್ಲ.

ಈ ಓದಿಗೆ ಎದುರಾಗಿ ಬರುವ ಆಕ್ಷೇಪಗಳಲ್ಲಿ ಮೂರು ತೂಕದವು. ಕರ್ತೃವಿನ ಹಕ್ಕೂ ಮಾನವ ಹಕ್ಕೇ ಅಲ್ಲವೇ, 27ನೆಯ ವಿಧಿಯ ಎರಡನೆಯ ಭಾಗ ಏನಾಯಿತು ಎಂಬುದು ಒಂದು. ಕಾಲ್ ರೌಸ್ಟಿಯಾಲ ಅವರಂಥ ವಿದ್ವಾಂಸರು ಇದನ್ನು ಇನ್ನೂ ಮುಂದೊಯ್ದು, ಮಾನವ ಹಕ್ಕಿನ ಭಾಷೆಯನ್ನು ಇಲ್ಲಿಗೆ ತಂದರೆ ಒಡೆಯರೇ ಅದನ್ನು ಕಸಿದುಕೊಂಡು ಬಲಿಷ್ಠರಾಗುತ್ತಾರೆ ಎಂದು ಎಚ್ಚರಿಸಿದ್ದಾರೆ. ಭಯ ಸುಳ್ಳಲ್ಲ. ಬಡ್‌ವೈಸರ್ ಬಿಯರಿನ ಹೆಸರಿಗಾಗಿ ನಡೆದ ವ್ಯಾಜ್ಯದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2007ರಲ್ಲಿ, ಟ್ರೇಡ್‌ಮಾರ್ಕಿನ ಅರ್ಜಿ ಕೂಡ ಮಾನವ ಹಕ್ಕಿನ ರಕ್ಷಣೆಗೆ ಒಳಪಡುವ ಆಸ್ತಿ ಎಂದಿತು; ಕಂಪನಿ ಮೊಕದ್ದಮೆ ಸೋತರೂ ತತ್ವ ಉಳಿಯಿತು. ಆದರೆ ಇದಕ್ಕೆ ಮದ್ದು ಮಾನವ ಹಕ್ಕಿನ ಭಾಷೆಯನ್ನು ಬಿಡುವುದಲ್ಲ, ಅದರೊಳಗೇ ಗೆರೆ ಎಳೆಯುವುದು. ವಿಶ್ವಸಂಸ್ಥೆಯ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಸಮಿತಿ 2005ರ ತನ್ನ 17ನೆಯ ಸಾಮಾನ್ಯ ಟಿಪ್ಪಣಿಯಲ್ಲಿ ಆ ಗೆರೆ ಎಳೆದಿದೆ. ಕೃತಿಯೊಂದಿಗೆ ಕರ್ತೃವಿಗಿರುವ ವೈಯಕ್ತಿಕ ನಂಟು, ಆತನಿಗೆ ಸಾಕಷ್ಟು ಜೀವನಮಟ್ಟ ಇವು ಮಾನವ ಹಕ್ಕು. ಮಾರಬಲ್ಲ, ಕೊಳ್ಳಬಲ್ಲ, ಕಂಪನಿಗಳು ಹಿಡಿದಿಡಬಲ್ಲ ಕೃತಿಸ್ವಾಮ್ಯ ಅದಕ್ಕಿಂತ ಬೇರೆ. ಕಣ್ಣಿಲ್ಲದ ಓದುಗರಿಗೆ ತನ್ನ ಕಾದಂಬರಿ ತಲುಪಿದ್ದರಿಂದ ಘನತೆ ಕಳೆದುಕೊಂಡ ಲೇಖಕ ಇನ್ನೂ ಹುಟ್ಟಿಲ್ಲವೆಂದೇ ನನ್ನ ನಂಬಿಕೆ.

ಎರಡನೆಯ ಆಕ್ಷೇಪ ಮಾರುಕಟ್ಟೆಯದು. ಆಡಿಯೊ ಪುಸ್ತಕ, ಇ-ಪುಸ್ತಕಗಳು ಈಗ ಧಾರಾಳವಾಗಿ ಬರುತ್ತಿರುವಾಗ ವಿನಾಯಿತಿ ಏಕೆ? 2009ರಲ್ಲಿ ಅಮೆಜಾನ್ ಕಂಪನಿಯ ಇ-ಪುಸ್ತಕ ಸಾಧನವಾದ ಕಿಂಡಲ್‌ನ ಎರಡನೆಯ ಮಾದರಿ ಪುಸ್ತಕವನ್ನು ತಾನೇ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯದೊಂದಿಗೆ ಬಂದಾಗ ಅಮೆರಿಕದ ಲೇಖಕರ ಸಂಘ ಆಕ್ಷೇಪ ಎತ್ತಿತು. ಯಾವ ಪುಸ್ತಕಕ್ಕೆ ಆ ದನಿ ಬೇಡವೆಂದು ಒಡೆಯರೇ ತೀರ್ಮಾನಿಸಲಿ ಎಂದು ಅಮೆಜಾನ್ ಬಿಟ್ಟುಕೊಟ್ಟಿತು. ಮಾರುಕಟ್ಟೆ ಕೊಟ್ಟದ್ದನ್ನು ಮಾರುಕಟ್ಟೆಯೇ ಹಿಂತೆಗೆದುಕೊಳ್ಳಬಹುದು. ಅಲ್ಲದೆ ನಟರು ಓದಿದ ಆಡಿಯೊ ಪುಸ್ತಕ ಪ್ರಯಾಣದಲ್ಲಿ ಕೇಳಲು ಸೊಗಸು, ಎಂ.ಎ. ವಿದ್ಯಾರ್ಥಿಗೆ ಬೇಕಾದ ಪುಟಸಂಖ್ಯೆ, ಅಡಿಟಿಪ್ಪಣಿ, ಕಾಗುಣಿತ ಅದರಲ್ಲಿ ಸಿಗುವುದಿಲ್ಲ. ಸಿಗುತ್ತದೋ ಇಲ್ಲವೋ ಎಂದು ಪ್ರತಿ ಪುಸ್ತಕಕ್ಕೂ ತಲಾಶು ಮಾಡಿ ರುಜುವಾತು ಇಟ್ಟುಕೊಳ್ಳಬೇಕಾದ ಭಾರ ಬಿದ್ದರೆ ಮತ್ತೆ ಪ್ಯಾರಿಸ್ ಅನುಬಂಧದ ಅಂಗಳಕ್ಕೇ ಬಂದು ನಿಂತಂತೆ.

ಮೂರನೆಯ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. ಮರಾಕೆಶ್ ಗೆದ್ದದ್ದು ಅದರ ಫಲಾನುಭವಿಗಳ ಬಗ್ಗೆ ಎಲ್ಲರಿಗೂ ಮರುಕವಿದ್ದುದರಿಂದ, ದೊಡ್ಡ ದುಡ್ಡು ಪಣಕ್ಕಿರಲಿಲ್ಲವಾದ್ದರಿಂದ. ಔಷಧಕ್ಕೋ ಶಿಕ್ಷಣಕ್ಕೋ ಇದನ್ನು ಮಾದರಿ ಮಾಡಲಾಗದು ಎನ್ನುತ್ತಾರೆ. ಮಾತುಕತೆಯಲ್ಲಿ ಕಿವುಡರನ್ನು ಕೈಬಿಟ್ಟದ್ದು, ಒಪ್ಪಂದದ ವ್ಯಾಪ್ತಿಯಿಂದ ಸಿನಿಮಾ ಹೊರಗುಳಿದದ್ದು ಈ ಮಾತಿಗೆ ಪುಷ್ಟಿ ಕೊಡುತ್ತದೆ. ಆದರೆ ಬೇರೆ ಉದ್ದಿಮೆಗಳು ಅಂದು ಇದನ್ನು ವಿರೋಧಿಸಿದ್ದೇ ಮೇಲ್ಪಂಕ್ತಿಯಾದೀತೆಂಬ ಅಂಜಿಕೆಯಿಂದ. ತಡೆ ಇರುವುದು ತತ್ವದಲ್ಲಲ್ಲ, ಬಲಾಬಲದಲ್ಲಿ. ನಮ್ಮ ಸಂಸತ್ತು 2012ರಲ್ಲಿ, ಒಪ್ಪಂದಕ್ಕಿಂತ ಮೊದಲೇ, ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್ನಿಗೆ ಸೇರಿಸಿದ ವಿನಾಯಿತಿ ಕಣ್ಣಿಲ್ಲದವರಿಗಷ್ಟೇ ಮೀಸಲಲ್ಲ. ಅಂಗವಿಕಲರೆಲ್ಲರಿಗೂ, ಎಲ್ಲ ಬಗೆಯ ಕೃತಿಗೂ ಅದು ಅನ್ವಯಿಸುತ್ತದೆ. ಲಾಭವಿಲ್ಲದೆ, ತಯಾರಿಕೆಯ ಖರ್ಚನ್ನಷ್ಟೇ ಪಡೆದು ಯಾರು ಬೇಕಾದರೂ ಪ್ರತಿ ಮಾಡಿಕೊಡಬಹುದು. ಡಿಜಿಟಲ್ ಬೀಗ ಒಡೆಯುವುದನ್ನೂ ನಮ್ಮ ಕಾಯ್ದೆ ಅಪರಾಧವೆನ್ನುವುದು ಹಕ್ಕನ್ನು ಉಲ್ಲಂಘಿಸುವ ಉದ್ದೇಶವಿದ್ದಾಗ ಮಾತ್ರ. ಜಿನೀವಾದಲ್ಲಿ ಅಸಾಧ್ಯವೆಂದು ಕೈಚೆಲ್ಲಿದ್ದು ದೆಹಲಿಯಲ್ಲಿ ಹೆಚ್ಚು ಸದ್ದಿಲ್ಲದೆ ಆಯಿತು.

ಇಷ್ಟಾದರೂ ಪುಸ್ತಕ ಬಂತೇ ಎಂಬ ಪ್ರಶ್ನೆ ಉಳಿಯುತ್ತದೆ. ಕನ್ನಡದಲ್ಲಿ ಅದಕ್ಕೆ ಕಾರಣ ಕಾನೂನಿನ ಹೊರಗೂ ಇದೆ. ನಮ್ಮ ಬಹುಪಾಲು ಪುಸ್ತಕಗಳು ದಶಕಗಳ ಕಾಲ ಡಿಟಿಪಿ ಕೇಂದ್ರಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ತಯಾರಾದವು. ಹಳೆಯ ನುಡಿ ಫಾಂಟಿನ ಕಡತದಲ್ಲಿ ‘ಕನ್ನಡ’ ಎಂಬ ಪದ ತೆರೆಯ ಮೇಲೆ ಸರಿಯಾಗಿಯೇ ಕಾಣುತ್ತದೆ. ಒಳಗೆ ಇರುವುದು ಮಾತ್ರ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಜರ್ಮನ್ ಭಾಷೆಯ ಒಂದು ಅಕ್ಷರ, ಹೀಗೆ. ಕಣ್ಣಿಲ್ಲದವರಿಗೆ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಓದುವುದು ಒಳಗಿರುವುದನ್ನು. ಕುವೆಂಪು, ಕಾರಂತರ ಗದ್ಯ ಅದರ ಬಾಯಲ್ಲಿ ಅಸಂಬದ್ಧ ಅಕ್ಷರಗಳ ಮಾಲೆಯಾಗುತ್ತದೆ. ಕಡತವೇ ಇಲ್ಲದಿದ್ದರೆ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಗುರುತಿಸುವ ಒಸಿಆರ್ ತಂತ್ರಾಂಶಕ್ಕೆ ಕೊಡಬೇಕು. ಒತ್ತಕ್ಷರ, ಅರ್ಕಾವೊತ್ತುಗಳಲ್ಲಿ ಅದು ಎಡವಿದ್ದನ್ನು ಕಣ್ಣಿರುವವರೊಬ್ಬರು ಸಾಲುಸಾಲಾಗಿ ತಿದ್ದಬೇಕು. ಅಧ್ಯಾಯ, ಶೀರ್ಷಿಕೆ, ಪುಟಗಳಿಗೆ ಗುರುತು ಹಾಕಬೇಕು. 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯದಂಥ ಆನ್‌ಲೈನ್ ಗ್ರಂಥಾಲಯಗಳ ಹಿಂದೆ ಇರುವುದು ಇಂಥ ಬೆರಳು ಸವೆಯುವ ದುಡಿಮೆ. ಪ್ರಕಾಶಕರ ಕಂಪ್ಯೂಟರಿನಲ್ಲಿ ತಿದ್ದಿ ಮುಗಿಸಿದ ಪಠ್ಯ ಕೂತಿರುವಾಗ ಅದೇ ಪಠ್ಯವನ್ನು ಕಾಗದದಿಂದ ಮತ್ತೆ ಅಗೆದು ತೆಗೆಯುವ ದುಡಿಮೆ ಇದು.

ಆದ್ದರಿಂದ ವಿನಾಯಿತಿಯನ್ನು ಹಕ್ಕೆಂದು ಒಪ್ಪಿದ ಮೇಲೆ, ಅಡ್ಡ ಬರದಿರುವುದಷ್ಟೇ ಸರಕಾರದ ಹೊಣೆಯಾಗಿ ಉಳಿಯಲಾರದು. ಅಂಗವಿಕಲರಿಗೆ ಪ್ರವೇಶದ ಮಾನದಂಡಗಳು ಸಲಹೆಯಾಗಿ ಉಳಿಯದೆ ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿದೆ. ಅದನ್ನು ಪುಸ್ತಕಕ್ಕೆ ಅನ್ವಯಿಸಲು ಹೊಸ ಕಾಯ್ದೆ ಬೇಕಿಲ್ಲ. ನಮ್ಮ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಕನ್ನಡ ಪ್ರಕಾಶಕರಿಂದ ಸಗಟು ಖರೀದಿ ಮಾಡುತ್ತದೆ. ಬಹಳಷ್ಟು ಪ್ರಕಾಶಕರ ಲೆಕ್ಕಾಚಾರ ನಿಂತಿರುವುದೇ ಅದರ ಮೇಲೆ. ಆ ಖರೀದಿ ತಡವಾಗುತ್ತದೆ, ದರ ಸಾಲದು ಎಂಬ ಅವರ ದೂರು ನ್ಯಾಯವಾದದ್ದೇ. ಅದು ಬೇರೆ ಚರ್ಚೆ. ಆಯ್ಕೆಯಾದ ಪ್ರತಿ ಪುಸ್ತಕದ ಯೂನಿಕೋಡ್ ಪಠ್ಯದ ಕಡತವನ್ನೂ ಪ್ರತಿಗಳ ಜೊತೆಗೆ ಒಪ್ಪಿಸಬೇಕು, ಇಲಾಖೆ ಅದನ್ನು ಅಂಗವಿಕಲರಿಗಾಗಿ ದುಡಿಯುವ ಮಾನ್ಯ ಸಂಸ್ಥೆಗಳಿಗೆ ಮಾತ್ರ ಕೊಡಬೇಕು, ಅದಕ್ಕೆ ತಗಲುವ ಖರ್ಚನ್ನು ದರದಲ್ಲೇ ಸೇರಿಸಬೇಕು ಎಂಬ ಒಂದು ಷರತ್ತು ಸಾಕು. ಕಡತ ಸೋರಿಹೋದೀತು ಎಂಬ ಅಂಜಿಕೆಗೆ ಉತ್ತರ ಒಪ್ಪಂದದಲ್ಲೇ ಇದೆ: ಪಡೆಯುವವರು ಯಾರೆಂದು ಖಚಿತಪಡಿಸಿಕೊಳ್ಳುವ, ಹಂಚಿಕೆಯಲ್ಲಿ ಎಚ್ಚರ ವಹಿಸುವ ಹೊಣೆ ಆ ಸಂಸ್ಥೆಗಳದೇ. ಕನ್ನಡದ ಪೈರೇಟೆಡ್ ಪಿಡಿಎಫ್‌ಗಳು ಇಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಅವುಗಳಲ್ಲಿ ಹೆಚ್ಚಿನವು ಹಾಳೆಯ ಫೋಟೊಗಳು. ಕಣ್ಣಿರುವವರಿಗೆ ಅವು ಪುಕ್ಕಟೆ ಪುಸ್ತಕ, ಸ್ಕ್ರೀನ್ ರೀಡರಿಗೆ ಖಾಲಿ ಹಾಳೆ. ಕಾನೂನು ಯಾರಿಗೆ ವಿನಾಯಿತಿ ಕೊಟ್ಟಿದೆಯೋ ಅವರಿಗೆ ಕಳ್ಳಪ್ರತಿಯೂ ದಕ್ಕುತ್ತಿಲ್ಲ.